ಕಲ್ಲು ಓದುವ ಯಂತ್ರದ ಜೊತೆಗೆ ಕಲ್ಲು ಓದುವವರನ್ನೂ ತಯಾರು ಮಾಡಿ

ಪುರಾತತ್ವ ಇಲಾಖೆಯ ಆಯುಕ್ತರಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೆ, ನಾಡಿನ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

"ಇನ್ನು ಶಾಸನ ಓದೋಕೆ ಪಂಡಿತರು ಬೇಕಿಲ್ಲ, ಎಐ ಓದುತ್ತೆ" ಎನ್ನುವ ಮಾತು ಈಚೆಗೆ ಸಭೆಗಳಲ್ಲೂ ಕೇಳಿಸುತ್ತಿದೆ, ಬಸ್ಸಿನಲ್ಲೂ ಕೇಳಿಸುತ್ತಿದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಕಲ್ಲಿನ ಮೇಲಿನ ಹಳೆಯ ಬರಹ ಓದುವುದನ್ನು ಹಿರಿಯರೊಬ್ಬರ ಜೊತೆ ಊರೂರು ಅಲೆದು ಕಲಿತೆ. ಸ್ಕ್ಯಾನರು, ಕಂಪ್ಯೂಟರು ಎಲ್ಲ ಆಮೇಲೆ ಬಂದವು. ಅವು ಬಂದ ಮೇಲೆ ನನ್ನಂಥವರ ಓದು ಎಷ್ಟು ಸುಧಾರಿಸಿತು ಅಂತ ಚೆನ್ನಾಗಿ ಗೊತ್ತು. ಹಾಗಾಗಿ ಯಂತ್ರ ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ. ಯಂತ್ರಕ್ಕೆ ದುಡ್ಡು ಎತ್ತಿಡುವಾಗ, ಅದರ ಪಕ್ಕದಲ್ಲಿ ಕೂತು ಓದುವ ಮನುಷ್ಯನಿಗೂ ಎತ್ತಿಡಿ ಅಂತ ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಎರಡರಲ್ಲಿ ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಹಾಕಿದ ದುಡ್ಡೂ ನೀರಿಗೆ ಹೋಗುತ್ತದೆ.

ಶಾಸನ ಓದುವುದು ಎಂದರೆ ಏನು ಕೆಲಸ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೊದಲು ಕಲ್ಲಿನ ಮೇಲಿನ ಪಾಚಿ, ಎಣ್ಣೆ, ಸುಣ್ಣ ತೆಗೆದು ತೊಳೆಯಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಗಟ್ಟಿ ಬ್ರಷ್‌ನಿಂದ ಬಡಿಯಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿದು ಕೂರುತ್ತದೆ. ಮೇಲೆ ಶಾಯಿ ಅದ್ದಿದ ಉಂಡೆಯಿಂದ ಹದವಾಗಿ ತಟ್ಟುತ್ತಾ ಬಂದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರ ಬೆಳ್ಳಗೂ ಏಳುತ್ತದೆ. ಇದೇ ಪಡಿಯಚ್ಚು. ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ನಾಡಿನ ಇತಿಹಾಸ ಎದ್ದು ನಿಂತದ್ದು ಈ ಒದ್ದೆ ಕಾಗದದ ಮೇಲೆಯೇ. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷ್ ವಿದ್ವಾಂಸ ಬಿ.ಎಲ್. ರೈಸ್, 1886ರಲ್ಲಿ ಕೊಡಗಿನ ಶಾಸನಗಳಿಂದ ಶುರು ಮಾಡಿ ಹನ್ನೆರಡು ಸಂಪುಟಗಳ 'ಎಪಿಗ್ರಾಫಿಯಾ ಕರ್ನಾಟಿಕಾ' ತಂದರು. ಅವರ ಹಿಂದೆ ಊರೂರಿಗೆ ನಡೆದು, ಬಿಸಿಲಲ್ಲಿ ಕಾಗದ ಬಡಿದ ಎಷ್ಟೋ ಜನರಿದ್ದರು. ಆಮೇಲೆ ಬಂದ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಇವರೆಲ್ಲ ಅದೇ ದಾರಿಯಲ್ಲಿ ನಡೆದರು. ಹಲ್ಮಿಡಿ ಶಾಸನ 1936ರಲ್ಲಿ ಬೆಳಕಿಗೆ ಬಂದದ್ದು ಕೃಷ್ಣ ಅವರಿಂದ.

ಪಡಿಯಚ್ಚಿಗೆ ಒಂದು ಮಿತಿ ಇದೆ. ಸವೆದ ಕಲ್ಲಿನ ಮೇಲೆ ಅದು ಸೋಲುತ್ತದೆ. ಗುಳಿ ತೀರಾ ತೆಳುವಾಗಿದ್ದರೆ ಶಾಯಿ ಅದರೊಳಗೂ ಇಳಿದುಬಿಡುತ್ತದೆ. ಇಲ್ಲೇ ಸ್ಕ್ಯಾನರ್ ಕೈ ಹಿಡಿದದ್ದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ. ಕಲ್ಲಿನ ಮೈಯ ಸಣ್ಣ ಏರಿಳಿತವೂ ಅದರಲ್ಲಿ ಸಿಗುತ್ತದೆ. ಪರದೆಯ ಮೇಲೆ ಕಲ್ಲಿನ ಬಣ್ಣ ತೆಗೆದುಹಾಕಬಹುದು, ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಬಹುದು. ಮೊದಲು ರಾತ್ರಿ ಹೊತ್ತು ಟಾರ್ಚ್ ಹಿಡಿದು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನು ಈಗ ಮನೆಯಲ್ಲಿ ಕೂತು ಮಾಡಬಹುದು. ದುಬಾರಿ ಸ್ಕ್ಯಾನರ್ ಇಲ್ಲದಿದ್ದರೂ ಮೊಬೈಲಿನಲ್ಲಿ ಕಲ್ಲಿನ ಸುತ್ತ ಒಂದರ ಮೇಲೊಂದು ಬರುವಂತೆ ಬಹಳ ಫೋಟೋ ತೆಗೆದರೆ, ಅವನ್ನೆಲ್ಲ ಸೇರಿಸಿ ಸಾಫ್ಟ್‌ವೇರ್ ಒಂದು ಮಾದರಿ ಕಟ್ಟಿಕೊಡುತ್ತದೆ. ಸ್ಕ್ಯಾನರಿನಷ್ಟು ಸೂಕ್ಷ್ಮ ಅಲ್ಲ, ಆದರೆ ಕೆಲಸ ನಡೆಯುತ್ತದೆ.

ಒಂದು ಕಲ್ಲಿನ ಕತೆ ಹೇಳುತ್ತೇನೆ. ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗಪೂಜೆ. ಪಟ್ಟಿಗಳ ನಡುವೆ ಬರಹ. ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಸತ್ತವನ ಕಲ್ಲು ಅಂತ ಗೊತ್ತಾಗುತ್ತಿತ್ತು. ಸತ್ತವನ ಹೆಸರು ಮಾತ್ರ ಸಿಗುತ್ತಿರಲಿಲ್ಲ. ಮೊದಲ ಅಕ್ಷರ 'ಮಾ'ನೋ 'ವಾ'ನೋ ತಿಳಿಯದು, ಎರಡನೆಯದು ಪೂರಾ ಗೀರು. ಹಳೆಯ ಲಿಪಿಯಲ್ಲಿ ಮ ಮತ್ತು ವ ಹತ್ತಿರ ಹತ್ತಿರ ಇರುತ್ತವೆ, ಒಂದು ಸಣ್ಣ ತಿರುವಿನ ವ್ಯತ್ಯಾಸ ಅಷ್ಟೇ. ಮೊಬೈಲಿನಲ್ಲಿ ಮಾಡಿದ ಮಾದರಿಯ ಮೇಲೆ ಎಡಗಡೆಯಿಂದ ತಗ್ಗಿನ ಬೆಳಕು ಬೀಳಿಸಿದಾಗ ಆ ತಿರುವು ಕಾಣಿಸಿತು. 'ಮಾ' ಎಂದು ಖಾತ್ರಿಯಾಯಿತು. ಎರಡನೆಯ ಅಕ್ಷರದಲ್ಲಿ ಮಾತ್ರ ಗೀರುಗಳೇ ಹೆಚ್ಚು. ಯಾವುದು ಅಕ್ಷರದ ಗೆರೆ, ಯಾವುದು ಬರೀ ಗೀರು ಅಂತ ಮಾದರಿ ಹೇಳುವುದಿಲ್ಲ. ಅದಕ್ಕೆ ಎರಡೂ ತಗ್ಗೇ.

ಅದನ್ನು ಬಿಡಿಸಿದ್ದು ಆ ಊರಿನ ಒಬ್ಬ ಅಜ್ಜಿ. ಕಲ್ಲಿನ ಮೇಲೆ ಕೈಯಾಡಿಸಿ, "ಮೇಷ್ಟ್ರೇ, ಇವು ಕುಡುಗೋಲು ಮಸೆದ ಗುರುತು. ಕುಯ್ಲಿಗೆ ಹೋಗೋ ಮುಂಚೆ ನಮ್ಮತ್ತೆ ಇಲ್ಲೇ ಮಸೀತಿದ್ರು" ಎಂದರು. ಆಮೇಲೆ ನೋಡಿದರೆ ಎಲ್ಲ ಸ್ಪಷ್ಟ. ಮಸೆದ ಗುರುತು ಉದ್ದ, ಅಗಲ, ನುಣುಪು. ಸಾಲನ್ನು ದಾಟಿ ಪಕ್ಕದ ಸಾಲಿಗೂ ಹೋಗುತ್ತದೆ. ಉಳಿಯ ಗೆರೆ ಗಿಡ್ಡ, ತಳದಲ್ಲಿ ಚೂಪು. ಮಸೆದ ಗುರುತುಗಳನ್ನು ಮನಸ್ಸಿನಲ್ಲೇ ಕಳೆದು ನೋಡಿದಾಗ 'ಚ' ಉಳಿಯಿತು. ಮಾಚಯ್ಯ. ಇದರಲ್ಲಿ ಯಾರ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲಾಗದು. ಮಾದರಿ ಇಲ್ಲದಿದ್ದರೆ ಮೊದಲ ಅಕ್ಷರ ಕಾಣುತ್ತಿರಲಿಲ್ಲ. ಅಜ್ಜಿ ಇಲ್ಲದಿದ್ದರೆ ಎರಡನೆಯದು ಸಿಗುತ್ತಿರಲಿಲ್ಲ. ಲಿಪಿ ಕಲಿತವರು ಯಾರೂ ಇಲ್ಲದಿದ್ದರೆ ಎರಡನ್ನೂ ಸೇರಿಸಿ ಓದುವವರೇ ಇರುತ್ತಿರಲಿಲ್ಲ.

ಇದು ನನ್ನೊಬ್ಬನ ಅನುಭವ, ಅದಕ್ಕೆ ಎಷ್ಟು ಬೆಲೆ ಅಂತ ತಾವು ಕೇಳಬಹುದು. ಹಾಗಾದರೆ ಗ್ರೀಕ್ ಶಾಸನಗಳ ವಿಷಯ ನೋಡಿ. ಡೀಪ್‌ಮೈಂಡ್ ಕಂಪನಿಯವರು ವೆನಿಸ್, ಆಕ್ಸ್‌ಫರ್ಡ್, ಅಥೆನ್ಸ್‌ಗಳ ವಿದ್ವಾಂಸರ ಜೊತೆ ಸೇರಿ 'ಇಥಾಕಾ' ಎಂಬ ಎಐ ಮಾಡಿದರು. 2022ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಮುರಿದ ಶಾಸನದಲ್ಲಿ ಅಳಿದುಹೋದ ಅಕ್ಷರಗಳನ್ನು ತುಂಬುವುದು ಕೆಲಸ. ಇತಿಹಾಸ ಬಲ್ಲವರು ತಾವೇ ಮಾಡಿದಾಗ ಸರಿಯಾದದ್ದು 25%. ಯಂತ್ರ ಒಂದೇ ಮಾಡಿದಾಗ 62%. ಅದೇ ಮನುಷ್ಯರು ಯಂತ್ರದ ಸಲಹೆ ನೋಡಿಕೊಂಡು ಮಾಡಿದಾಗ 72%.

ಈ ಮೂರು ಅಂಕಿಗಳನ್ನು ದಯವಿಟ್ಟು ಒಟ್ಟಿಗೇ ನೋಡಿ. ಮೊದಲ ಎರಡನ್ನು ಮಾತ್ರ ನೋಡಿದವರು "ಯಂತ್ರ ಗೆದ್ದಿತು, ಪಂಡಿತರನ್ನು ಮನೆಗೆ ಕಳಿಸಿ" ಅನ್ನುತ್ತಾರೆ. ಮೂರನೆಯದನ್ನು ನೋಡಿದರೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಸರಿ ಬಂದದ್ದು ಇಬ್ಬರೂ ಸೇರಿ ಮಾಡಿದ ಕೆಲಸದಲ್ಲಿ. ಅದಕ್ಕೆ ಕಾರಣವೂ ಇದೆ. ಇಥಾಕಾ "ಇಲ್ಲಿ ಇದೇ ಅಕ್ಷರ" ಎಂದು ಒಂದೇ ಉತ್ತರ ಹೇಳಿ ಸುಮ್ಮನಾಗುವುದಿಲ್ಲ. ಇದಿರಬಹುದು, ಅದಿರಬಹುದು ಎಂದು ಒಂದು ಪಟ್ಟಿ ಕೊಡುತ್ತದೆ, ಪ್ರತಿಯೊಂದಕ್ಕೂ ಎಷ್ಟು ಸಾಧ್ಯತೆ ಅಂತ ತೋರಿಸುತ್ತದೆ. ಆರಿಸುವುದು ಓದುವವರ ಕೆಲಸ. ಇತಿಹಾಸ ಬಲ್ಲವರು ಆ ಪಟ್ಟಿಯಲ್ಲಿ ಕಾಲಕ್ಕೆ ಹೊಂದದ್ದನ್ನು, ಊರಿಗೆ ಹೊಂದದ್ದನ್ನು ತೆಗೆದುಹಾಕುತ್ತಾರೆ. ತಮಗೆ ಹೊಳೆಯದೇ ಇದ್ದದ್ದನ್ನು ಅಲ್ಲಿಂದ ಎತ್ತಿಕೊಳ್ಳುತ್ತಾರೆ. ಇಥಾಕಾವನ್ನು ಕಟ್ಟಿದ ರೀತಿಯೇ ಹಾಗಿದೆ. ನಮಗೂ ಅಂಥದ್ದೇ ಬೇಕು.

ಯಂತ್ರದ ನೆರವಿನಿಂದ ಮನುಷ್ಯನ ಬುದ್ಧಿಯನ್ನು ಹಿಗ್ಗಿಸುವ ಬಗ್ಗೆ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಅಮೆರಿಕದ ಎಂಜಿನಿಯರ್ 1962ರಲ್ಲೇ ದೊಡ್ಡದೊಂದು ವರದಿ ಬರೆದರು. ಇಂದು ನಾವೆಲ್ಲ ಬಳಸುವ ಮೌಸ್ ಅವರ ಕೊಡುಗೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಜನರೆದುರು ತೋರಿಸಿದರು. ಅವರಿಗೆ ಮೌಸ್ ಮುಖ್ಯವಾಗಿರಲಿಲ್ಲ. ಬಿಡಿಸಲಾಗದ ಸಮಸ್ಯೆ ಎದುರಾದಾಗ ಮನುಷ್ಯನ ಬುದ್ಧಿ ಅದನ್ನು ಹಿಡಿಯುವಷ್ಟು ದೊಡ್ಡದಾಗಬೇಕು, ಅದಕ್ಕೆ ಉಪಕರಣವೂ ಬೇಕು, ಉಪಕರಣ ಬಳಸುವ ತರಬೇತಿಯೂ ಬೇಕು ಎಂಬುದು ಅವರ ಹಟ. ಜಗತ್ತು ಉಪಕರಣವನ್ನು ಕೂಡಲೇ ತೆಗೆದುಕೊಂಡಿತು. ತರಬೇತಿಯ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಸನದ ವಿಷಯದಲ್ಲಿ ನಾವೂ ಹಾಗೆ ಮಾಡಬಾರದು ಎನ್ನುವುದು ನನ್ನ ಕಳಕಳಿ.

ಗ್ರೀಕ್ ಶಾಸನಗಳಿಗೆ ಸಾಧ್ಯವಾದದ್ದು ನಮ್ಮ ಶಾಸನಗಳಿಗೆ ಯಾಕಿಲ್ಲ? ಬುದ್ಧಿವಂತರ ಕೊರತೆಯಂತೂ ಅಲ್ಲ. ಇಥಾಕಾಕ್ಕೆ ಕಲಿಸಲು, ಅದನ್ನು ಪರೀಕ್ಷಿಸಲು ಬಳಸಿದ್ದು 78,608 ಶಾಸನಗಳ ಪಾಠ. ಅದರ ಮೂಲ ಅಮೆರಿಕದ ಪ್ಯಾಕರ್ಡ್ ಸಂಸ್ಥೆಯ ಭಂಡಾರ. ಅಲ್ಲಿ ವಿದ್ವಾಂಸರು ದಶಕಗಳ ಕಾಲ ಒಂದೊಂದೇ ಶಾಸನವನ್ನು ಟೈಪ್ ಮಾಡಿ, ತಿದ್ದಿ, ಎಲ್ಲರಿಗೂ ತೆರೆದಿಟ್ಟಿದ್ದರು. ಆ ಹೊತ್ತಿನಲ್ಲಿ ಅವರಿಗೆ ಎಐ ಕನಸೂ ಇರಲಿಲ್ಲ. ಹುಡುಕಲು ಅನುಕೂಲವಾಗಲಿ ಅಂತ ಮಾಡಿದ್ದು. ಆ ತಾಳ್ಮೆಯ ಫಲ ಈಗ ಸಿಕ್ಕಿತು.

ನಮ್ಮಲ್ಲೂ ಕೆಲಸ ಆಗಿಲ್ಲವೆಂದಲ್ಲ. ರೈಸ್ ಅವರ ಸಂಪುಟಗಳಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕರಿಸಿ ತಂದ ಸಂಪುಟಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿವೆ. ಹಳೆಯ ಸಂಪುಟಗಳ ಪಿಡಿಎಫ್‌ಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ ಕೂಡ. ಆದರೆ ಅಂಥ ಪಿಡಿಎಫ್ ಅಂದರೆ ಪುಟದ ಫೋಟೋ, ಅಷ್ಟೇ. ಅದರಲ್ಲಿ 'ಗಾವುಂಡ' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಅದರಿಂದ ಯಂತ್ರವೂ ಕಲಿಯುವುದಿಲ್ಲ, ಮನುಷ್ಯನೂ ಹುಡುಕಲಾರ. ರೈಸ್ ತೀರಿಕೊಂಡದ್ದು 1927ರಲ್ಲಿ. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ಅಂದರೆ ಆ ಹನ್ನೆರಡು ಸಂಪುಟಗಳು ಈಗ ಎಲ್ಲರ ಸ್ವತ್ತು. ಯಾರ ಅನುಮತಿಯೂ ಬೇಕಿಲ್ಲ. ಅಲ್ಲಿಂದಲೇ ಶುರು ಮಾಡಬಹುದಲ್ವಾ? ಪುಟದ ಚಿತ್ರದಿಂದ ಅಕ್ಷರ ಎತ್ತುವ ಓಸಿಆರ್ ಕನ್ನಡಕ್ಕೂ ಬಂದಿದೆ. ಹಳೆಯ ಅಚ್ಚುಮೊಳೆಯ ಒತ್ತಕ್ಷರಗಳಲ್ಲಿ ಅದು ಎಡವುತ್ತದೆ, ಆದರೂ ಮೊದಲಿನಿಂದ ಟೈಪ್ ಮಾಡುವುದಕ್ಕಿಂತ ಅದರ ತಪ್ಪು ತಿದ್ದುವುದು ಸುಲಭ. ಹಳಗನ್ನಡ ಓದಿದ ಎಂ.ಎ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ತಿದ್ದುತ್ತಾ ತಿದ್ದುತ್ತಾ ಭಾಷೆಯೂ ಕೈಗೆ ಬರುತ್ತದೆ. ಅವರಿಗೆ ಅದಕ್ಕೆ ಸರಿಯಾದ ಸಂಭಾವನೆ ಕೊಡಿ. ಪುಕ್ಕಟೆ ಸೇವೆ ಅಂತ ಮಾಡಿಸಬೇಡಿ.

ತೆರೆದಿಡುವುದರ ಬಗ್ಗೆ ಇನ್ನೊಂದು ಮಾತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಇದ್ದಿಲಿನಂತೆ ಸುಟ್ಟುಹೋದ ಪಪೈರಸ್ ಸುರುಳಿಗಳು ಇಟಲಿಯಲ್ಲಿ ಸಿಕ್ಕಿವೆ. ಬಿಚ್ಚಿದರೆ ಪುಡಿಯಾಗುತ್ತವೆ. ಎಕ್ಸ್-ರೇ ಸ್ಕ್ಯಾನ್ ಮಾಡಿ, ಆ ಸ್ಕ್ಯಾನ್‌ಗಳನ್ನು 2023ರಲ್ಲಿ ಜಗತ್ತಿಗೇ ತೆರೆದಿಟ್ಟು, ಓದಿದವರಿಗೆ ಬಹುಮಾನ ಎಂದರು. ಬಿಚ್ಚದ ಸುರುಳಿಯಿಂದ ಮೊದಲ ಪದ ಹೊರತೆಗೆದದ್ದು ನೆಬ್ರಾಸ್ಕಾದ 21 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ. ಅವನ ಯಂತ್ರ ಶಾಯಿಯ ಗುರುತು ತೋರಿಸಿತು, ಪಪೈರಸ್ ಓದಬಲ್ಲ ವಿದ್ವಾಂಸರು ಪದವನ್ನು ಖಚಿತ ಮಾಡಿದರು. ಸ್ಕ್ಯಾನ್‌ಗಳನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರೆ ಆ ಹುಡುಗನ ಕೈಗೆ ಅವು ಹೇಗೆ ಸಿಗುತ್ತಿದ್ದವು? ಸಾರ್ವಜನಿಕರ ದುಡ್ಡಿನಲ್ಲಿ ಮಾಡಿದ ಸ್ಕ್ಯಾನ್ ಯಾವ ಸಂಸ್ಥೆಯದೇ ಇರಲಿ, ಅದು ಸಾರ್ವಜನಿಕರಿಗೆ ಸಿಗಬೇಕು. ಯಾದಗಿರಿಯ ಹುಡುಗಿಯೊಬ್ಬಳು ಅದನ್ನು ತನ್ನ ಮೊಬೈಲಿನಲ್ಲಿ ತಿರುಗಿಸಿ ನೋಡುವಂತಾಗಬೇಕು.

ಇನ್ನು ಭಯದ ವಿಷಯ. ಈಗಿನ ಎಐಗಳಿಗೆ ಒಂದು ಗುಣ ಇದೆ. ಗೊತ್ತಿಲ್ಲದ ಕಡೆಯೂ ಅವು ಸರಾಗವಾಗಿ ಬರೆಯುತ್ತವೆ. ಸವೆದ ಶಾಸನದ ಫೋಟೋ ಕೊಟ್ಟು ಓದು ಎಂದರೆ ಸಾಲು ಸಾಲಾಗಿ ಚೆಂದದ ಹಳಗನ್ನಡ ಕೊಟ್ಟುಬಿಡುತ್ತವೆ. ಕಲ್ಲಿನಲ್ಲಿ ಇದ್ದದ್ದು ಎಷ್ಟು, ತಾನೇ ತುಂಬಿದ್ದು ಎಷ್ಟು ಅಂತ ಗೊತ್ತಾಗುವುದೇ ಇಲ್ಲ. ಶಾಸನ ಎಂದರೆ ಬರೀ ಹಳೆಯ ಕಲ್ಲಲ್ಲ. ಅದರಲ್ಲಿ ಊರಿನ ಎಲ್ಲೆ ಇರುತ್ತದೆ, ದೇವಸ್ಥಾನಕ್ಕೆ ಬಿಟ್ಟ ಗದ್ದೆ ಇರುತ್ತದೆ, ಮನೆತನದ ಹೆಸರು ಇರುತ್ತದೆ. ಇವತ್ತಿಗೂ ಜಗಳದಲ್ಲಿ "ಶಾಸನದಲ್ಲೇ ಇದೆ" ಅನ್ನುವ ಜನ ನಾವು. ಯಂತ್ರ ಊಹಿಸಿದ ಒಂದು ಹೆಸರು ಅಚ್ಚಾಗಿ, ನಾಲ್ಕು ಪುಸ್ತಕಕ್ಕೆ ಹೋಗಿ, ಊರಿನ ಜಗಳಕ್ಕೆ ಸಾಕ್ಷಿಯಾಗಿ ನಿಂತರೆ ಆಮೇಲೆ ಅದನ್ನು ವಾಪಸ್ ತೆಗೆದುಕೊಳ್ಳಲು ಯಾರಿಂದ ಆಗುತ್ತದೆ? ತಪ್ಪು ಒಂದು ಸಲ ವ್ಯವಸ್ಥೆಯೊಳಗೆ ಸೇರಿದರೆ ಹೇಗೆ ಗಟ್ಟಿಯಾಗಿ ಕೂರುತ್ತದೆ ಎಂಬುದಕ್ಕೆ ಹಳಗನ್ನಡದ ೞ ಅಕ್ಷರವನ್ನೇ ನೋಡಿ. ಕಂಪ್ಯೂಟರುಗಳು ಅಕ್ಷರ ಗುರುತಿಸಲು ಬಳಸುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ 'ಫ' (FA) ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸುವುದಿಲ್ಲ ಎಂಬುದು ಅಲ್ಲಿನ ನಿಯಮ. ಹಾಗಾಗಿ ಇವತ್ತಿಗೂ ಅದೇ ಹೆಸರು.

ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಿಲ್ಲ. ಗ್ರೀಕ್, ಲ್ಯಾಟಿನ್ ಹಳೆಯ ಬರಹ ಓದುವವರು 1931ರಲ್ಲೇ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಸೇರಿ ಒಪ್ಪಂದ ಮಾಡಿಕೊಂಡರು. ಅನುಮಾನದ ಅಕ್ಷರದ ಕೆಳಗೆ ಚುಕ್ಕೆ. ಅಳಿದದ್ದನ್ನು ಓದುವವರು ತುಂಬಿದ್ದರೆ ಚೌಕ ಕಂಸ. ನಮ್ಮ ಸಂಪುಟಗಳಲ್ಲೂ ಇಂಥ ಗುರುತುಗಳನ್ನು ಬಳಸಿದವರಿದ್ದಾರೆ. ಇನ್ನು ಮುಂದೆ ಪ್ರಕಟವಾಗುವ ಪ್ರತಿ ಪಾಠದಲ್ಲೂ ಕಲ್ಲಿನಲ್ಲಿ ಕಂಡದ್ದು, ಓದಿದವರು ಊಹಿಸಿದ್ದು, ಯಂತ್ರ ಸೂಚಿಸಿದ್ದು ಮೂರೂ ಬೇರೆ ಬೇರೆ ಕಾಣುವಂತೆ ಗುರುತು ಹಾಕಬೇಕು. ಕೊನೆಯಲ್ಲಿ ಓದಿದ ಮನುಷ್ಯರ ಹೆಸರು ಇರಬೇಕು. ಟೆಂಡರ್ ಕರೆಯುವಾಗಲೇ ಈ ಷರತ್ತು ಬರೆಯಿರಿ. "ಇಷ್ಟು ಸಾವಿರ ಶಾಸನ ಓದಿ ಕೊಡಬೇಕು" ಎಂದು ಬರೀ ಲೆಕ್ಕ ಕೇಳಿದರೆ ಲೆಕ್ಕ ಸಿಗುತ್ತದೆ, ಓದು ಸಿಗುವುದಿಲ್ಲ.

ಈಗ ಓದುವವರ ವಿಷಯ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ. ಹಳೆಯ ಲಿಪಿಯನ್ನು ಕಲ್ಲಿನ ಮುಂದೆ ನಿಂತು ನೇರವಾಗಿ ಓದಬಲ್ಲವರಲ್ಲಿ ಬಹಳ ಜನ ನನ್ನ ವಯಸ್ಸಿನವರು ಅಥವಾ ನನಗಿಂತ ಹಿರಿಯರು. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸಿಕೊಂಡು ಬಂದಿದೆ, ಅದರಿಂದ ಎಷ್ಟೋ ಜನ ತಯಾರಾಗಿದ್ದಾರೆ. ಆದರೆ ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಮುಂದೆ ಏನು ಮಾಡಬೇಕು? ಕೆಲಸ ಇಲ್ಲದ ವಿದ್ಯೆಯನ್ನು ಯಾರು ತಾನೇ ಕಲಿಯುತ್ತಾರೆ? ಯಂತ್ರ ಬಂದ ಮೇಲೆ ಇಂಥವರು ಇನ್ನೂ ಹೆಚ್ಚು ಬೇಕು. ಸ್ಕ್ಯಾನ್ ಮಾಡುವ ವೇಗ ಹೆಚ್ಚಾದಷ್ಟೂ ಓದಲು ಕಾದು ಕೂತ ಕಲ್ಲುಗಳ ಸಾಲು ಉದ್ದವಾಗುತ್ತದೆ. ಜಿಲ್ಲೆಗೆ ಒಬ್ಬರಂತಾದರೂ ಶಾಸನ ಓದುವವರ ಹುದ್ದೆ ಮಾಡಿ. ಅವರ ಕೈಗೆ ಒಳ್ಳೆಯ ಕಂಪ್ಯೂಟರ್, ಒಂದು ಸ್ಕ್ಯಾನರ್, ಓಡಾಡಲು ಗಾಡಿ ಕೊಡಿ. ಆ ಕೆಲಸ ಕಂಪ್ಯೂಟರ್ ಬಲ್ಲ ಈ ತಲೆಮಾರಿನವರಿಗೆ ಹಿಡಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳ ಪೈಕಿ ಇಬ್ಬರು ಎಂಜಿನಿಯರುಗಳು ಭಾನುವಾರ ಬಂದು ನನ್ನ ಜೊತೆ ಹಳೆಯ ಲಿಪಿ ಕಲಿಯುತ್ತಾರೆ. ಅವರಿಂದ ನಾನು ಸಾಫ್ಟ್‌ವೇರ್ ಕಲಿಯುತ್ತೇನೆ.

ಸಮಯವೂ ಕಡಿಮೆ ಇದೆ. ರೈಸ್ ಕಾಲದಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇವತ್ತು ಇದ್ದಲ್ಲಿ ಇಲ್ಲ. ರಸ್ತೆ ಅಗಲ ಮಾಡುವಾಗ, ಲೇಔಟ್ ಮಾಡುವಾಗ, ಮನೆಗೆ ಪಾಯ ಹಾಕುವಾಗ ಹೋದವು. ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ ಕಲ್ಲು ಅದು, ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲೇ ಹಳೆಯದು. ಕಂಡವರಿಗೆ ಅದು ಏನೆಂದು ಹೊಳೆಯಿತು, ಊರಿನವರೂ ಆಸಕ್ತರೂ ಕೈಜೋಡಿಸಿದರು, ಈಗ ಅದಕ್ಕೊಂದು ಮಂಟಪ ಇದೆ. ಕಂಡವರಿಗೆ ಹೊಳೆಯದೇ ಹೋದ ಕಲ್ಲುಗಳು ಜಲ್ಲಿಯ ಜೊತೆ ಹೋಗಿವೆ. ಅದಕ್ಕೇ ಗ್ರಾಮ ಪಂಚಾಯಿತಿಯವರಿಗೆ, ಹೈಸ್ಕೂಲು ಮಕ್ಕಳಿಗೆ ಒಂದು ಸರಳ ಆ್ಯಪ್ ಬೇಕು. ಕಲ್ಲು ಕಂಡರೆ ಫೋಟೋ ತೆಗೆದು, ಜಾಗದ ಗುರುತಿನ ಜೊತೆ ಕಳಿಸುವಂತಿರಬೇಕು. "ಇದರ ಮೇಲೆ ಬರಹ ಇರುವ ಹಾಗಿದೆ" ಎಂದು ಹೇಳುವಷ್ಟನ್ನು ಎಐ ಮಾಡಲಿ. ಓದುವವರು ಬಂದು ನೋಡಲಿ. ಊರಿನ ಹಿರಿಯರು ಆ ಕಲ್ಲಿನ ಬಗ್ಗೆ ಹೇಳುವುದನ್ನು ಧ್ವನಿಯಲ್ಲಿ ಮುದ್ರಿಸಿ ಅದರ ಜೊತೆಗೇ ಇಡಲಿ. ಕುಡುಗೋಲಿನ ಗುರುತು ಹೇಳಬಲ್ಲವರು ಇನ್ನು ಎಷ್ಟು ದಿನ ಸಿಗುತ್ತಾರೋ.

ಒಂದೇ ಸಲ ಇಡೀ ರಾಜ್ಯದಲ್ಲಿ ಮಾಡಿ ಅಂತ ನಾನು ಕೇಳುವುದಿಲ್ಲ. ಒಂದು ತಾಲ್ಲೂಕು ಆರಿಸಿಕೊಳ್ಳಿ. ಅಲ್ಲಿ ರೈಸ್ ದಾಖಲಿಸಿದ ಶಾಸನಗಳ ಪಾಠ ಮೊದಲು ಟೈಪ್ ಆಗಲಿ. ಇಬ್ಬರು ಯುವಕ ಯುವತಿಯರನ್ನು ಸಂಬಳಕ್ಕೆ ತೆಗೆದುಕೊಳ್ಳಿ. ಲಿಪಿ ಕಲಿಸಲು ನನ್ನಂಥ ಹಳಬರಿದ್ದೇವೆ, ಸಂಬಳ ಬೇಡ, ಬಸ್ ಚಾರ್ಜು ಕೊಟ್ಟರೆ ಸಾಕು. ಮಳೆಗಾಲ ಮುಗಿದು ಕಳೆ ಒಣಗಿದ ಮೇಲೆ, ಬಿಸಿಲು ಓರೆಯಾಗಿ ಬೀಳುವ ತಿಂಗಳುಗಳು ಈ ಕೆಲಸಕ್ಕೆ ಚೆನ್ನಾಗಿರುತ್ತವೆ. ಅಷ್ಟರೊಳಗೆ ಆದೇಶ ಹೊರಬಿದ್ದರೆ ಈ ವರ್ಷವೇ ಶುರು ಮಾಡಬಹುದು. ಕೋಲಾರ ಜಿಲ್ಲೆಯ ತಾಲ್ಲೂಕೇ ಆದರೆ ಯಾವ ಕಲ್ಲು ಎಲ್ಲಿದೆ ಎಂಬ ಪಟ್ಟಿ ನಮ್ಮ ಹತ್ತಿರ ಸಿದ್ಧವಿದೆ, ಕೇಳಿದ ದಿನವೇ ಕಳಿಸುತ್ತೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು
ಕೋಲಾರ ಜಿಲ್ಲೆ